ಗರ್ಭದ ಹಿಮೋಗ್ಲೋಬಿನ್‌ಗೆ ಬೀಗ ಹಾಕುವ ಜೀನ್: ಬಿಸಿಎಲ್11ಎ

ಅಪ್ಪ ಅಮ್ಮ ಇಬ್ಬರಿಂದಲೂ ಕುಡಗೋಲು ಕಣದ ಜೀನ್ ಪಡೆದು ಹುಟ್ಟಿದ ಮಗು ಮೊದಲ ನಾಲ್ಕೈದು ತಿಂಗಳು ಚೆನ್ನಾಗಿಯೇ ಇರುತ್ತದೆ. ಹಾಲು ಕುಡಿಯುತ್ತದೆ, ಮೈ ತುಂಬಿಕೊಳ್ಳುತ್ತದೆ. ಆರನೇ ತಿಂಗಳ ಆಸುಪಾಸಿನಲ್ಲಿ ಒಂದು ದಿನ ಕೈಕಾಲಿನ ಬೆರಳುಗಳು ಊದಿಕೊಂಡು, ಮುಟ್ಟಿದರೆ ಸಾಕು ಮಗು ಚೀರಲು ಶುರುಮಾಡುತ್ತದೆ. ರೋಗದ ಜೀನ್ ಹುಟ್ಟಿನಿಂದಲೇ ಇತ್ತಲ್ಲ, ಹಾಗಾದರೆ ಇಷ್ಟು ದಿನ ಮಗುವನ್ನು ಕಾಪಾಡಿದ್ದು ಯಾವುದು?

1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಇದನ್ನು ಗಮನಿಸಿದರು. ನವಜಾತ ಶಿಶುಗಳ ರಕ್ತದಲ್ಲಿ ಕುಡಗೋಲಿನಂತೆ ಬಾಗುವ ಕಣಗಳು ತೀರಾ ಕಡಿಮೆ. ಗರ್ಭದಲ್ಲಿದ್ದಾಗ ತಯಾರಾದ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದೇ ಅದಕ್ಕೆ ಕಾರಣ ಎಂದು ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಆ ಗರ್ಭದ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ಏಕೆ ನಿಂತುಹೋಗುತ್ತದೆ, ಅದನ್ನು ನಿಲ್ಲಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ 60 ವರ್ಷ ಬೇಕಾಯಿತು. ಉತ್ತರದ ಹೆಸರು ಬಿಸಿಎಲ್11ಎ.

ಎಚ್.ಡಿ. ಕೋಟೆ, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲಿ ಸಿಕಲ್ ಸೆಲ್ (ಕುಡಗೋಲು ಕಣ) ತಪಾಸಣೆ ನಡೆಯುತ್ತಿರುವ ಈ ಹೊತ್ತಿನಲ್ಲಿ ಈ ಜೀನ್ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆಯಬೇಕು ಅನ್ನಿಸಿತು. ಭಾರತದಲ್ಲಿ ಕುಡಗೋಲು ಹಿಮೋಗ್ಲೋಬಿನ್ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೇ ತಾಗಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ಇದು ದೂರದ ಯಾವುದೋ ದೇಶದ ರೋಗವಲ್ಲ.

ಮೊದಲು ಹಿಮೋಗ್ಲೋಬಿನ್‌ನ ಲೆಕ್ಕ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಸರಪಳಿಗಳಿರುತ್ತವೆ. ದೊಡ್ಡವರಲ್ಲಿ ಎರಡು ಆಲ್ಫಾ, ಎರಡು ಬೀಟಾ. ಇದು ಹಿಮೋಗ್ಲೋಬಿನ್ ಎ. ಗರ್ಭದಲ್ಲಿ ಎರಡು ಆಲ್ಫಾ, ಎರಡು ಗಾಮಾ. ಇದು ಹಿಮೋಗ್ಲೋಬಿನ್ ಎಫ್. ಹುಟ್ಟುವಾಗ ಮಗುವಿನ ರಕ್ತದಲ್ಲಿ ಎಫ್ ಸುಮಾರು 60ರಿಂದ 80 ಶೇಕಡಾ ಇರುತ್ತದೆ. ಆರು ತಿಂಗಳು, ವರ್ಷ ಕಳೆಯುವಷ್ಟರಲ್ಲಿ ಇಳಿದು, ದೊಡ್ಡವರಲ್ಲಿ ಸಾಮಾನ್ಯವಾಗಿ 1 ಶೇಕಡಾಕ್ಕಿಂತ ಕೆಳಗೆ ಬರುತ್ತದೆ. ಕುಡಗೋಲು ಕಣ ರೋಗದಲ್ಲಿ ಕೆಟ್ಟಿರುವುದು ಬೀಟಾ ಸರಪಳಿ ಮಾತ್ರ: ಅದರ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಬಂದು ಕೂತಿರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಇಂಥ ಅಣುಗಳು ಒಂದಕ್ಕೊಂದು ಅಂಟಿ ಹಗ್ಗದಂತೆ ಉದ್ದವಾಗುತ್ತವೆ, ಕೆಂಪುಕಣ ಬಾಗುತ್ತದೆ. ಗಾಮಾ ಸರಪಳಿ ಇರುವ ಅಣು ಈ ಹಗ್ಗಕ್ಕೆ ಸೇರುವುದಿಲ್ಲ. ಒಂದು ಗಾಮಾ, ಒಂದು ಕೆಟ್ಟ ಬೀಟಾ ಬೆರೆತ ಅಣು ಕೂಡ ಸೇರುವುದಿಲ್ಲ. ಗಾಮಾದ ಬೆಲೆ ಇರುವುದು ಇಲ್ಲಿ. ಅದು ಬೀಟಾದ ಕೊರತೆ ತುಂಬುವುದಷ್ಟೇ ಅಲ್ಲ, ಹಗ್ಗ ಹೊಸೆಯುವುದಕ್ಕೇ ಅಡ್ಡ ಬರುತ್ತದೆ. ಬೀಟಾ ಥಲಸ್ಸೇಮಿಯಾ ಎಂಬ ಇನ್ನೊಂದು ರಕ್ತರೋಗದಲ್ಲಿ ತೊಂದರೆ ಬೇರೆ: ಬೀಟಾ ಸಾಲದೆ ಒಂಟಿಯಾಗಿ ಉಳಿದ ಆಲ್ಫಾ ಸರಪಳಿಗಳು ಕಣವನ್ನು ಹಾಳುಮಾಡುತ್ತವೆ. ಅಲ್ಲೂ ಗಾಮಾ ಬಂದರೆ ಆಲ್ಫಾಗೆ ಜೊತೆ ಸಿಗುತ್ತದೆ.

11ನೇ ವರ್ಣತಂತುವಿನ ಮೇಲೆ ಈ ಗ್ಲೋಬಿನ್ ಜೀನ್‌ಗಳು ಸಾಲಾಗಿ ನಿಂತಿವೆ: ಎಪ್ಸಿಲಾನ್, ಎರಡು ಗಾಮಾ, ಡೆಲ್ಟಾ, ಬೀಟಾ. ಸಾಲಿನ ತಲೆಯಲ್ಲಿ ಎಲ್ಲದಕ್ಕೂ ಸೇರಿ ಒಂದೇ ಬಲವಾದ ಚಾಲಕ ಭಾಗವಿದೆ. ಕೆರೆಯ ತೂಬು ಒಂದೇ, ಕಾಲುವೆ ಎರಡು ಎಂದುಕೊಳ್ಳಿ. ಗಾಮಾ ಕಾಲುವೆಗೆ ಹಲಗೆ ಇಳಿಸಿದರೆ ನೀರೆಲ್ಲ ಬೀಟಾ ಕಡೆ ಹರಿಯುತ್ತದೆ, ಹಲಗೆ ಎತ್ತಿದರೆ ಗಾಮಾಗೂ ಹಂಚಿಕೆಯಾಗುತ್ತದೆ. ಆ ಹಲಗೆಯೇ ಬಿಸಿಎಲ್11ಎ ಪ್ರೋಟೀನ್.

ಈ ಪ್ರೋಟೀನ್‌ನ ಜೀನ್ ಇರುವುದು ಬೇರೆಲ್ಲೋ, 2ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, 2ಪಿ16.1 ಎಂಬ ಜಾಗದಲ್ಲಿ. ಉದ್ದ ಸುಮಾರು ಒಂದು ಲಕ್ಷ ಡಿಎನ್‌ಎ ಅಕ್ಷರ (ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಲಿಪಿ). ಹೆಸರಿನಲ್ಲಿರುವ ‘ಬಿಸಿಎಲ್’ ಬಿ-ಕೋಶ ಎಂಬ ರೋಗನಿರೋಧಕ ಬಿಳಿಕಣದ ರಕ್ತ ಕ್ಯಾನ್ಸರ್ ಅಧ್ಯಯನದಲ್ಲಿ ಅಂಟಿಕೊಂಡದ್ದು. ಹಿಮೋಗ್ಲೋಬಿನ್‌ಗೂ ಆ ಹೆಸರಿಗೂ ಸಂಬಂಧವಿಲ್ಲ. ಇದರಿಂದ ಬರುವ ಉದ್ದನೆಯ ಪ್ರೋಟೀನ್ 835 ಅಮೈನೋ ಆಮ್ಲಗಳದ್ದು. ಡಿಎನ್‌ಎ ಮೇಲೆ ಗೊತ್ತಾದ ಅಕ್ಷರಗಳನ್ನು ಹುಡುಕಿ ಕೂತು, ಪಕ್ಕದ ಜೀನ್‌ನಿಂದ ಆರ್‌ಎನ್‌ಎ ನಕಲು ಇಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಪ್ರೋಟೀನ್‌ಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಬಿಸಿಎಲ್11ಎ ಇಂಥದ್ದೇ, ಗಾಮಾ ಜೀನ್‌ನ ಮಟ್ಟಿಗೆ ‘ಬೇಡ’ ಎನ್ನುವ ಜಾತಿಯದು. ಅದರ ಬಾಲದ ತುದಿಯಲ್ಲಿ ಸತುವಿನ ಬೆರಳುಗಳಿವೆ. ಒಂದೊಂದು ಬೆರಳಿನಲ್ಲೂ ಎರಡು ಸಿಸ್ಟೀನ್, ಎರಡು ಹಿಸ್ಟಿಡಿನ್ ಸೇರಿ ಒಂದು ಸತು ಅಯಾನನ್ನು ಹಿಡಿದು ಆಕಾರ ಗಟ್ಟಿಮಾಡಿಕೊಂಡಿರುತ್ತವೆ. ನಾಲ್ಕು, ಐದು, ಆರನೇ ಬೆರಳುಗಳು ಡಿಎನ್‌ಎಯ ಕೊರಕಲಿಗೆ ಇಳಿದು ಅಕ್ಷರ ಓದುತ್ತವೆ. ಓದಿಗೆ ಸಿಗಬೇಕಾದದ್ದು ಆರಕ್ಷರ: ಟಿ-ಜಿ-ಎ-ಸಿ-ಸಿ-ಎ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಾಮಾ ಜೀನ್ ಶುರುವಾಗುವ ಜಾಗದಿಂದ ಹಿಂದಕ್ಕೆ ಎಣಿಸಿದರೆ −118ರಿಂದ −113ರವರೆಗೆ ಈ ಆರಕ್ಷರ ಇದೆ. ಮುಂದಿನ ಎರಡು ಅಕ್ಷರ ಸೇರಿಸಿ ಬರೆದರೆ ಹೀಗಾಗುತ್ತದೆ: ಟಿ-ಜಿ-ಎ-ಸಿ-ಸಿ-ಎ-ಎ-ಟಿ. ಕೊನೆಯ ಐದನ್ನು ಮಾತ್ರ ಓದಿ: ಸಿ-ಸಿ-ಎ-ಎ-ಟಿ. ಇದು ಜೀನ್ ಚಾಲೂ ಮಾಡುವ ಎನ್ಎಫ್-ವೈ ಎಂಬ ಇನ್ನೊಂದು ಪ್ರೋಟೀನ್ ಕೂರುವ ಜಾಗ. ಅಂದರೆ ನಿಲ್ಲಿಸುವವನಿಗೂ ಓಡಿಸುವವನಿಗೂ ಮೂರು ಅಕ್ಷರ, ಸಿ-ಸಿ-ಎ, ಸಾಮಾನ್ಯ. ಒಬ್ಬ ಕೂತರೆ ಇನ್ನೊಬ್ಬನಿಗೆ ಜಾಗವಿಲ್ಲ. ಬಿಸಿಎಲ್11ಎ ಕೂತ ಮೇಲೆ ಡಿಎನ್‌ಎಯನ್ನು ಮುದುಡಿಸುವ ನರ್ಡ್ ಎಂಬ ಪ್ರೋಟೀನ್ ಗುಂಪನ್ನೂ ಕರೆತರುತ್ತದೆ, ಬಾಗಿಲು ಗಟ್ಟಿಯಾಗಿ ಮುಚ್ಚುತ್ತದೆ. ಇದೇ ಆರಕ್ಷರ ಇನ್ನೂ ಸ್ವಲ್ಪ ಮುಂದೆ ಮತ್ತೊಮ್ಮೆ ಬರುತ್ತದೆ, ಆದರೆ ಬಿಸಿಎಲ್11ಎ ಹಿಡಿಯುವುದು ಮುಖ್ಯವಾಗಿ ದೂರದ ಪ್ರತಿಯನ್ನು.

ಈ ಜಾಗ ಮುಖ್ಯ ಎಂಬುದಕ್ಕೆ ಸಾಕ್ಷಿ ಪ್ರಯೋಗಾಲಯಕ್ಕಿಂತ ಮೊದಲೇ ಮನುಷ್ಯರ ಮೈಯಲ್ಲೇ ಇತ್ತು. ಕೆಲವು ಕುಟುಂಬಗಳಲ್ಲಿ ದೊಡ್ಡವರಾದರೂ ಹಿಮೋಗ್ಲೋಬಿನ್ ಎಫ್ ಇಳಿಯುವುದಿಲ್ಲ, ಯಾವ ಕಾಯಿಲೆಯೂ ಇರುವುದಿಲ್ಲ. ಅವರ ಡಿಎನ್‌ಎ ಓದಿದಾಗ −117ರಲ್ಲಿ ಜಿ ಬದಲು ಎ, −114ರಲ್ಲಿ ಸಿ ಬದಲು ಬೇರೆ ಅಕ್ಷರ, ಇಲ್ಲವೇ ಆ ಜಾಗದ 13 ಅಕ್ಷರಗಳೇ ಮಾಯ, ಹೀಗೆ ಸಿಕ್ಕವು. ಎಲ್ಲವೂ ಆ ಆರಕ್ಷರವನ್ನು ಕೆಡಿಸುವ ಬದಲಾವಣೆಗಳೇ. ಬೀಗ ಸರಿಯಾಗಿಯೇ ಇದೆ, ಅದನ್ನು ಸಿಕ್ಕಿಸುವ ಕೊಂಡಿ ಇಲ್ಲ.

ಬೀಗ ಯಾವುದು ಎಂದು ಗೊತ್ತಾದದ್ದು ಹೀಗೆ. 2007, 2008ರಲ್ಲಿ ಯುರೋಪಿನವರ ಮತ್ತು ಸಾರ್ಡಿನಿಯಾ ದ್ವೀಪದವರ ಜೀನೋಮ್ (ಒಟ್ಟು ಡಿಎನ್‌ಎ) ಹೋಲಿಕೆಗಳು ಎಫ್ ಪ್ರಮಾಣದ ಏರಿಳಿತಕ್ಕೂ 2ನೇ ವರ್ಣತಂತುವಿನ ಈ ಜಾಗಕ್ಕೂ ಸಂಬಂಧ ತೋರಿಸಿದವು. 2008ರ ಕೊನೆಗೆ ಬಾಸ್ಟನ್‌ನಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ಮನುಷ್ಯರ ಕೆಂಪುಕಣದ ಮೂಲಕೋಶಗಳಲ್ಲಿ ಬಿಸಿಎಲ್11ಎ ಪ್ರಮಾಣ ತಗ್ಗಿಸಿದರೆ ಗಾಮಾ ಮೇಲೇರುತ್ತದೆ ಎಂದು ತೋರಿಸಿದರು. 2011ರಲ್ಲಿ, ಕುಡಗೋಲು ರೋಗವಿರುವ ಇಲಿಗಳ ಕೆಂಪುಕಣ ಸಾಲಿನಲ್ಲಿ ಈ ಒಂದು ಜೀನ್ ತೆಗೆದಾಗ ರೋಗದ ಲಕ್ಷಣಗಳು ಸರಿಹೋದವು. ಅಷ್ಟೆಲ್ಲ ಜೀನ್‌ಗಳ ನಡುವೆ ಒಂದನ್ನು ಮುಟ್ಟಿದರೆ ಸಾಕು ಎಂಬುದು ನಿಜಕ್ಕೂ ದೊಡ್ಡ ಸುದ್ದಿ.

ಹಾಗಾದರೆ ಆ ಜೀನನ್ನೇ ಕತ್ತರಿಸಿ ಬಿಸಾಡಿದರೆ ಆಗದೇ? ಆಗದು. ಈ ಜೀನ್ ಬಗ್ಗೆ ಓದುವವರು ಬಿಡದೆ ತಿಳಿಯಬೇಕಾದ ಸಂಗತಿ ಇದು. ಬಿಸಿಎಲ್11ಎ ಕೆಂಪುಕಣದ ಆಳಲ್ಲ. ಮಿದುಳಿನ ನರಕೋಶಗಳು ಬೆಳೆಯುವಾಗ ಅದು ಬೇಕು, ಬಿ-ಕೋಶಗಳು ಹುಟ್ಟಲು ಬೇಕು, ಎಲ್ಲ ರಕ್ತಕಣಗಳಿಗೂ ಮೂಲವಾದ ಸ್ಟೆಮ್ ಸೆಲ್‌ಗಳು ಬಾಳಲು ಬೇಕು. ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಬರುವ ಸ್ಥಿತಿಗೆ ಡಯಾಸ್-ಲೋಗನ್ ಸಿಂಡ್ರೋಮ್ ಎಂದು ಹೆಸರು: ಬುದ್ಧಿ ಬೆಳವಣಿಗೆ ಕುಂಠಿತ, ಮಾತು ತಡ, ಮಾಂಸಖಂಡಗಳು ಸಡಿಲ, ಜೊತೆಗೆ ರಕ್ತದಲ್ಲಿ ಎಫ್ ಜಾಸ್ತಿ. ಬೆಳವಣಿಗೆ ತಡವಾಗಿರುವ ಮಗುವಿನ ರಕ್ತ ಪರೀಕ್ಷೆಯಲ್ಲಿ ಕಾರಣವಿಲ್ಲದೆ ಎಫ್ ಹೆಚ್ಚು ಕಂಡರೆ ಈ ಜೀನ್ ಕಡೆಗೂ ಒಮ್ಮೆ ನೋಡಬೇಕು. ಅಗ್ಗದ ಸುಳಿವು, ಸುಲಭವಾಗಿ ಕೈತಪ್ಪುವಂಥದ್ದು. ಇನ್ನು, ಹೊರತೆಗೆದ ಸ್ಟೆಮ್ ಸೆಲ್‌ಗಳಲ್ಲಿ ಪ್ರೋಟೀನ್ ಬರೆಯುವ ಭಾಗವನ್ನೇ ಕತ್ತರಿಸಿ ನೋಡಿದಾಗ, ಎರಡೂ ಪ್ರತಿ ಕೆಟ್ಟ ಕೋಶಗಳಿಂದ ಕೆಂಪುಕಣಗಳು ಸರಿಯಾಗಿ ಬೆಳೆಯಲಿಲ್ಲ. ಔಷಧಿಯ ದಾರಿಯೂ ಸುಲಭವಲ್ಲ. ಡಿಎನ್‌ಎ ಹಿಡಿಯುವ ಇಂಥ ಪ್ರೋಟೀನ್‌ಗಳಲ್ಲಿ ಮಾತ್ರೆಯ ಅಣು ಹೋಗಿ ಕೂರುವಂಥ ಆಳದ ಗುಳಿ ಇರುವುದಿಲ್ಲ.

ದಾರಿ ಸಿಕ್ಕಿದ್ದು ಜೀನ್‌ನ ಒಳಗೇ ಇರುವ, ಪ್ರೋಟೀನ್‌ಗೆ ಸಂಬಂಧವಿಲ್ಲದ ಒಂದು ತುಣುಕಿನಲ್ಲಿ. 2013ರಲ್ಲಿ ಡೇನಿಯಲ್ ಬಾಯರ್ ಮತ್ತು ತಂಡ ಜೀನ್‌ನ ಎರಡನೇ ಇಂಟ್ರಾನ್‌ನಲ್ಲಿ (ಪ್ರೋಟೀನ್ ಬರೆಯದ ನಡುಭಾಗದಲ್ಲಿ) ಮೂರು ಕಡೆ ಡಿಎನ್‌ಎ ಬಿಚ್ಚಿಕೊಂಡಿರುವುದನ್ನು ಗುರುತಿಸಿತು. ಅವುಗಳಿಗೆ +55, +58, +62 ಎಂದು ಹೆಸರು. ಈ ಅಂಕಿಗಳು ಜೀನ್ ಶುರುವಿನಿಂದ ಎಷ್ಟು ಸಾವಿರ ಅಕ್ಷರ ಒಳಗೆ ಎಂಬುದರ ಲೆಕ್ಕ. ಜೀನೋಮ್ ಬ್ರೌಸರ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಈ ಜಾಗ ಹುಡುಕುವವರು ಎರಡು ಕಡೆ ಎಡವುತ್ತಾರೆ. ಒಂದು, ಈ ಜೀನ್ ಉಲ್ಟಾ ಎಳೆಯ ಮೇಲಿದೆ. ಶುರು ಇರುವುದು ದೊಡ್ಡ ಅಂಕಿಯ ಕಡೆ, ಆದ್ದರಿಂದ ಕೂಡುವ ಬದಲು ಕಳೆಯಬೇಕು. ಎರಡು, ಹಳೆಯ ಪ್ರಬಂಧಗಳಲ್ಲಿರುವುದು ಆ ನಕ್ಷೆಯ ಹಳೆಯ ಆವೃತ್ತಿ ಎಚ್‌ಜಿ19ರ ಅಂಕಿಗಳು, ಈಗಿನ ಬ್ರೌಸರ್ ತೆರೆದುಕೊಳ್ಳುವುದು ಎಚ್‌ಜಿ38ರಲ್ಲಿ. ಈ ಜಾಗದಲ್ಲಿ ಎರಡರ ನಡುವೆ ಎರಡು ಲಕ್ಷಕ್ಕೂ ಮೀರಿದ ಅಂತರವಿದೆ. ಹಳೆಯ ಅಂಕಿ ಹಾಗೇ ಹಾಕಿದರೆ ನೋಡುತ್ತಿರುವುದು ಬೇರೆಯದೇ ಜಾಗ.

ಈ ಮೂರು ತುಣುಕು ಎನ್‌ಹ್ಯಾನ್ಸರ್‌ಗಳು, ಅಂದರೆ ಜೀನ್‌ನ ದನಿ ಏರಿಸುವ ಗುಂಡಿಗಳು. ಮತ್ತು ಇವು ಕೆಂಪುಕಣ ಸಾಲಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಮಿದುಳು, ಬಿ-ಕೋಶ ಇವನ್ನು ಬಳಸುವುದೇ ಇಲ್ಲ. ಕೆಡಿಸಿದರೆ ಬಿಸಿಎಲ್11ಎ ಕೆಂಪುಕಣದಲ್ಲಷ್ಟೇ ತಗ್ಗುತ್ತದೆ. 2015ರಲ್ಲಿ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ಕತ್ತರಿಯಿಂದ ಈ ಎನ್‌ಹ್ಯಾನ್ಸರ್‌ನ ಉದ್ದಕ್ಕೂ ಒತ್ತೊತ್ತಾಗಿ ಕತ್ತರಿಸುತ್ತ ಹೋಗಿ ನೋಡಿದಾಗ +58ರ ಒಂದು ಚಿಕ್ಕ ಜಾಗದಲ್ಲಿ ಪರಿಣಾಮ ಥಟ್ಟನೆ ಎದ್ದು ಕಂಡಿತು. ಅಲ್ಲಿ ಗಾಟಾ1 ಎಂಬ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಕೂರುತ್ತದೆ. ಅದಕ್ಕೆ ಬೇಕಾದ ಅಕ್ಷರಗಳು ಜಿ-ಎ-ಟಿ-ಎ-ಎ.

ಈಗ ಕತ್ತರಿಗೆ ದಾರಿ ತೋರಿಸುವ ಗೈಡ್ ಆರ್‌ಎನ್‌ಎಯ 20 ಅಕ್ಷರ ನೋಡಿ, ಡಿಎನ್‌ಎ ಲಿಪಿಯಲ್ಲಿ: ಸಿ-ಟಿ-ಎ-ಎ-ಸಿ-ಎ-ಜಿ-ಟಿ-ಟಿ-ಜಿ-ಸಿ-ಟಿ-ಟಿ-ಟಿ-ಟಿ-ಎ-ಟಿ-ಸಿ-ಎ-ಸಿ. ಇದರ ನಂತರ ಜೀನೋಮ್‌ನಲ್ಲಿ ಎ-ಜಿ-ಜಿ ಇದೆ. ಕ್ಯಾಸ್9 ಕತ್ತರಿಗೆ ಬೇಕಾದ ಗುರುತು ಅದು. ಕ್ಯಾಸ್9 ಆ ಗುರುತಿನಿಂದ ಮೂರು ಅಕ್ಷರ ಹಿಂದೆ, ಅಂದರೆ 17 ಮತ್ತು 18ನೇ ಅಕ್ಷರಗಳ ನಡುವೆ ಕತ್ತರಿಸುತ್ತದೆ. 14ರಿಂದ 18ರವರೆಗಿನ ಅಕ್ಷರ ಟಿ-ಟಿ-ಎ-ಟಿ-ಸಿ. ಎದುರು ಎಳೆಯಲ್ಲಿ ಅದನ್ನೇ ಓದಿದರೆ ಜಿ-ಎ-ಟಿ-ಎ-ಎ! ಕತ್ತರಿ ಬೀಳುವುದು ಸರಿಯಾಗಿ ಜಿ ಮತ್ತು ಎ ನಡುವೆ. ಕೋಶ ಆ ಗಾಯವನ್ನು ಅವಸರದಲ್ಲಿ ಹೊಲಿಯುವಾಗ ಒಂದೆರಡು ಅಕ್ಷರ ಸೇರುತ್ತವೆ, ಇಲ್ಲವೇ ಹಲವು ಉದುರುತ್ತವೆ. ಏನೇ ಆದರೂ ಗಾಟಾ1ಗೆ ಕೂರಲು ಜಾಗ ಉಳಿಯುವುದಿಲ್ಲ. ಹೊಲಿಗೆ ನಾಜೂಕಾಗಿರಬೇಕಿಲ್ಲ, ಕೆಟ್ಟರೆ ಸಾಕು. ಕುಡಗೋಲು ಅಕ್ಷರವನ್ನೇ ತಿದ್ದಲು ಹೊರಟರೆ ಹೊಲಿಗೆ ಅಕ್ಷರಕ್ಕೆ ಅಕ್ಷರ ಸರಿಯಾಗಿರಬೇಕಾಗುತ್ತಿತ್ತು.

ಈ ಗೈಡ್‌ನಿಂದ ಬಂದ ಚಿಕಿತ್ಸೆಯೇ ಕ್ಯಾಸ್‌ಜೆವಿ. ಬ್ರಿಟನ್ 2023ರ ನವೆಂಬರ್ 16ರಂದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಿಸೆಂಬರ್ 8ರಂದು ಒಪ್ಪಿಗೆ ಕೊಟ್ಟವು. ಹೆಸರು ಕೇಳಿದರೆ ಚುಚ್ಚುಮದ್ದಿನಂತೆ ಅನ್ನಿಸಬಹುದು. ನಿಜವಾಗಿ ಅದು ತಿಂಗಳುಗಟ್ಟಲೆ ನಡೆಯುವ ಅಸ್ಥಿಮಜ್ಜೆ ಕಸಿ.

ಮೊದಲ ಹಂತದಲ್ಲಿ ಸುಮಾರು ಎರಡು ತಿಂಗಳು ರಕ್ತ ಕೊಟ್ಟು ಕುಡಗೋಲು ಹಿಮೋಗ್ಲೋಬಿನನ್ನು 30 ಶೇಕಡಾಕ್ಕಿಂತ ಕೆಳಗೆ ಇಳಿಸುತ್ತಾರೆ. ಆಮೇಲೆ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಬರಿಸಲು ಪ್ಲೆರಿಕ್ಸಾಫೋರ್ ಎಂಬ ಔಷಧಿ ಕೊಡುತ್ತಾರೆ. ಬೇರೆ ಕಸಿಗಳಲ್ಲಿ ರೂಢಿಯಲ್ಲಿರುವ ಜಿ-ಸಿಎಸ್ಎಫ್ ಎಂಬ ಔಷಧಿ ಇಲ್ಲಿ ಬಳಸುವಂತಿಲ್ಲ. ಅದು ಬಿಳಿಕಣಗಳನ್ನು ವಿಪರೀತ ಏರಿಸಿ ಕುಡಗೋಲು ರೋಗಿಗಳಲ್ಲಿ ಜೀವಕ್ಕೇ ಅಪಾಯ ತರುವ ನೋವಿನ ಬಿಕ್ಕಟ್ಟು ತರಬಹುದು. ಪ್ಲೆರಿಕ್ಸಾಫೋರ್ ಒಂದರಿಂದಲೇ ಸಿಗುವ ಕೋಶ ಕಡಿಮೆ, ಹಾಗಾಗಿ ಸಂಗ್ರಹ ಒಂದು ಸುತ್ತಿಗೆ ಮುಗಿಯದೆ ಎರಡು ಮೂರು ಸುತ್ತು ಹೋಗುವುದು ಉಂಟು. ತಿದ್ದಿದ ಕೋಶ ಮೈತೂಕದ ಕಿಲೋಗೆ ಕನಿಷ್ಠ 30 ಲಕ್ಷ ಬೇಕು. 50 ಕಿಲೋ ತೂಕದವರಿಗೆ 15 ಕೋಟಿ. ತಿದ್ದದ ಕೋಶಗಳನ್ನೂ ಕಿಲೋಗೆ 20 ಲಕ್ಷದಂತೆ ಬೇರೆಯಾಗಿ ತೆಗೆದಿಡುತ್ತಾರೆ. ತಿದ್ದಿದ್ದು ಬೇರೂರದಿದ್ದರೆ ಜೀವ ಉಳಿಸುವುದು ಅವೇ. ಕಾರ್ಖಾನೆಯಲ್ಲಿ ಸಿಡಿ34 ಗುರುತಿನ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ, ವಿದ್ಯುತ್ ತಟ್ಟಿ ಪೊರೆಯಲ್ಲಿ ಕ್ಷಣಕಾಲ ರಂಧ್ರ ಮಾಡಿ ಕ್ಯಾಸ್9 ಮತ್ತು ಗೈಡನ್ನು ಒಳಗೆ ಬಿಡುತ್ತಾರೆ. ವೈರಸ್ ಬಳಕೆಯಿಲ್ಲ, ಕತ್ತರಿ ಒಂದೆರಡು ದಿನದಲ್ಲಿ ಕೋಶದೊಳಗೇ ಕರಗಿಹೋಗುತ್ತದೆ. ತಯಾರಿ, ಪರೀಕ್ಷೆ ಸೇರಿ ಆರು ತಿಂಗಳವರೆಗೂ ಹಿಡಿಯಬಹುದು.

ಕಷ್ಟದ ಘಟ್ಟ ಬರುವುದು ಆಮೇಲೆ. ಹೊಸ ಕೋಶಗಳಿಗೆ ಜಾಗ ಮಾಡಲು ಬುಸಲ್ಫಾನ್ ಎಂಬ ಕೀಮೋ ಔಷಧಿ ಕೊಟ್ಟು ಹಳೆಯ ಮಜ್ಜೆಯನ್ನು ಪೂರ್ತಿ ಖಾಲಿ ಮಾಡುತ್ತಾರೆ. ಬಾಯಿಹುಣ್ಣು, ಸೋಂಕು, ಕೂದಲುದುರುವುದು ಇದ್ದೇ ಇರುತ್ತವೆ. ಮಕ್ಕಳಾಗದಿರುವ ಸಾಧ್ಯತೆಯೂ ದೊಡ್ಡದು. ಅಂಡ ಅಥವಾ ವೀರ್ಯ ತೆಗೆದಿಡುವ ಮಾತನ್ನು ಮೊದಲ ಭೇಟಿಯಲ್ಲೇ ಆಡಬೇಕು, ಬುಸಲ್ಫಾನ್‌ನ ಹಿಂದಿನ ವಾರ ಅಲ್ಲ. ಕುಡಗೋಲು ರೋಗಿಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ಚೇತರಿಸಲು ಮಧ್ಯಮ ಲೆಕ್ಕದಲ್ಲಿ 27 ದಿನ ಬೇಕಾಯಿತು. ಎಫ್‌ಡಿಎ ಪರಿಶೀಲಿಸಿದ 31 ಜನರಲ್ಲಿ 29 ಮಂದಿಗೆ ಕನಿಷ್ಠ 12 ತಿಂಗಳು ಸತತವಾಗಿ ತೀವ್ರ ನೋವಿನ ಬಿಕ್ಕಟ್ಟು ಬರಲಿಲ್ಲ. ಅಮೆರಿಕದಲ್ಲಿ ಘೋಷಿಸಿದ ಬೆಲೆ 22 ಲಕ್ಷ ಡಾಲರ್. ಈ ಬೆಲೆಯಲ್ಲಿ ಅದು ನಮ್ಮ ಹಾಡಿಗಳಿಗೆ ಬರುವುದಿಲ್ಲ. ಇಲ್ಲಿಯೇ ತಯಾರಾಗಬೇಕು, ಬುಸಲ್ಫಾನ್ ಬೇಡದ ವಿಧಾನ ಹುಟ್ಟಬೇಕು.

ಕತ್ತರಿ ತಪ್ಪು ಜಾಗದಲ್ಲಿ ಬೀಳುವ ಅಪಾಯವನ್ನೂ ಹೇಳಲೇಬೇಕು. ಇದೇ ಗೈಡ್‌ಗೆ ಸಿಪಿಎಸ್1 ಎಂಬ ಜೀನ್‌ನ ಇಂಟ್ರಾನ್‌ನಲ್ಲಿ ಹೊಂದುವ ಒಂದು ಜಾಗವಿದೆ. ಆದರೆ ಅದು ಒಂದಕ್ಷರದ ವ್ಯತ್ಯಾಸವಿರುವವರಲ್ಲಿ ಮಾತ್ರ, ಮತ್ತು ಆ ವ್ಯತ್ಯಾಸ ಆಫ್ರಿಕನ್ ಮೂಲದವರಲ್ಲಿ ಹೆಚ್ಚು. ಮಾದರಿ ಜೀನೋಮ್ ಒಂದನ್ನೇ ಹಿಡಿದು ಹುಡುಕಿದ್ದರೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಸೋಲಿಗ, ಜೇನುಕುರುಬ, ಯರವ ಸಮುದಾಯಗಳ ಜೀನೋಮ್‌ಗಳನ್ನು ಅವರ ಒಪ್ಪಿಗೆಯಿಂದ ಓದಿ, ಇಂಥ ತಪ್ಪು ಜಾಗ ಹುಡುಕುವ ಜೀನೋಮ್‌ಗಳ ಪಟ್ಟಿಗೆ ಸೇರಿಸದೆ ಯಾವ ಗೈಡನ್ನೂ ಇಲ್ಲಿ ಬಳಸಬಾರದು.

ಸದ್ಯಕ್ಕೆ ಕೈಗೆಟುಕುವ ದಾರಿ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ. ಅದೂ ಎಫ್ ಏರಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 15ರಿಂದ 20 ಮಿಲಿಗ್ರಾಂನಿಂದ ವೈದ್ಯರು ಶುರುಮಾಡುತ್ತಾರೆ. ಭಾರತದಲ್ಲಿ 10 ಮಿಲಿಗ್ರಾಂನ ಕಡಿಮೆ ಪ್ರಮಾಣವೂ ಬಳಕೆಯಲ್ಲಿದೆ. ನಡುನಡುವೆ ರಕ್ತಕಣ ಎಣಿಸಲೇಬೇಕು, ನ್ಯೂಟ್ರೋಫಿಲ್ ತೀರಾ ಇಳಿದರೆ ನಿಲ್ಲಿಸಬೇಕು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಅರಬ್-ಭಾರತೀಯ ಮಾದರಿಯ ಕುಡಗೋಲು ಜೀನ್ ಜೊತೆಗೆ ಗಾಮಾ ಜೀನ್‌ನ −158ರಲ್ಲಿ ಸಿ ಬದಲು ಟಿ ಇರುತ್ತದೆ, ಅದರಿಂದ ಎಫ್ ಮೊದಲೇ ತುಸು ಹೆಚ್ಚು. ಇದನ್ನು ನೋಡಿ ‘ಭಾರತದ್ದು ಸೌಮ್ಯ ರೋಗ’ ಎಂದು ಹೇಳುವುದುಂಟು. ಒಪ್ಪುವ ಮಾತಲ್ಲ. ಸರಾಸರಿ ಎಫ್ ಎಷ್ಟು ಎಂಬುದಕ್ಕಿಂತ ಪ್ರತಿ ಕಣದಲ್ಲೂ ಎಷ್ಟಿದೆ ಎಂಬುದು ಮುಖ್ಯ. ಒಂದು ಕೆಂಪುಕಣದಲ್ಲಿ ಒಟ್ಟು ಸುಮಾರು 30 ಪಿಕೋಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ಬಾಗದಂತೆ ಕಾಪಾಡಲು ಅದರಲ್ಲಿ 10 ಪಿಕೋಗ್ರಾಂನಷ್ಟು ಎಫ್ ಬೇಕು. ರಿಪೋರ್ಟಿನಲ್ಲಿ 20 ಶೇಕಡಾ ಎಂದಿದ್ದರೂ ಅದು ಕೆಲವೇ ಕಣಗಳಲ್ಲಿ ತುಂಬಿಕೊಂಡಿದ್ದರೆ ಉಳಿದ ಕಣಗಳು ಬಾಗುತ್ತಲೇ ಇರುತ್ತವೆ.

ಕೊನೆಗೆ ರಿಪೋರ್ಟ್ ಓದುವ ವಿಷಯ. ಹಾಡಿಗಳಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಪರೀಕ್ಷೆಯಲ್ಲಿ 2 ಮಿಲಿಲೀಟರ್ ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಹಾಕಿ, ಐದು ನಿಮಿಷ ಬಿಟ್ಟು, ಹಿಂದೆ ಹಿಡಿದ ಕಪ್ಪು ಗೆರೆಗಳು ಕಾಣುತ್ತವೆಯೇ ನೋಡುತ್ತಾರೆ. ಗೆರೆ ಮಸುಕಾದರೆ ಪಾಸಿಟಿವ್. ಆರು ತಿಂಗಳೊಳಗಿನ ಕೂಸಿಗೆ ಇದನ್ನು ಮಾಡಿ ‘ನೆಗೆಟಿವ್’ ಬರೆದುಕೊಡುವುದು ತಪ್ಪು. ಬಿಸಿಎಲ್11ಎ ಇನ್ನೂ ತನ್ನ ಕೆಲಸ ಮುಗಿಸಿರುವುದಿಲ್ಲ, ಎಫ್ ತುಂಬಿರುತ್ತದೆ, ದ್ರಾವಣ ತಿಳಿಯಾಗಿಯೇ ಉಳಿಯುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಬಳಸಿದ ದ್ರಾವಣ, ಡೈಥಯೋನೈಟ್ ಎಂಬ ರಾಸಾಯನಿಕ ಹಳಸಿದ ದ್ರಾವಣ, ತೀವ್ರ ರಕ್ತಹೀನತೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿರುವುದು ಕೂಡ ಸುಳ್ಳು ನೆಗೆಟಿವ್ ಕೊಡುತ್ತವೆ. ಪಾಸಿಟಿವ್ ಬಂದರೂ ವಾಹಕರೋ ರೋಗಿಯೋ ಎಂದು ಇದು ಹೇಳುವುದಿಲ್ಲ, ಅದಕ್ಕೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು.

ಎಚ್‌ಪಿಎಲ್‌ಸಿಗೆ ಇಡಿಟಿಎ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಸಾಕು. ಎಫ್ ಅಂಕಿ ಓದುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ವಯಸ್ಸೆಷ್ಟು, ಮೂರು ತಿಂಗಳೊಳಗೆ ರಕ್ತ ಹಾಕಿಸಿದ್ದಾರೆಯೇ, ಗರ್ಭಿಣಿಯೇ, ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುತ್ತಿದ್ದಾರೆಯೇ. ನವಜಾತ ಶಿಶುವಿನ ಫಲಿತಾಂಶದಲ್ಲಿ ಎಫ್, ಎ, ಎಸ್ (ಕುಡಗೋಲು ಹಿಮೋಗ್ಲೋಬಿನ್) ಮೂರೂ ಇದ್ದು ಎಸ್‌ಗಿಂತ ಎ ಹೆಚ್ಚಿದ್ದರೆ ಮಗು ವಾಹಕ. ಎಫ್ ಮತ್ತು ಎಸ್ ಮಾತ್ರ ಇದ್ದರೆ ಕುಡಗೋಲು ರೋಗ ಇರಬಹುದು, ಕುಡಗೋಲು ಜೊತೆ ಬೀಟಾ ಥಲಸ್ಸೇಮಿಯಾ ಇರಬಹುದು, ಎಸ್ ಜೊತೆ ಎಫ್ ಇಳಿಯದ ನಿರಪಾಯದ ವಂಶವಾಹಿಯೂ ಇರಬಹುದು. ಕಾಗದದ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಅಪ್ಪ ಅಮ್ಮ ಇಬ್ಬರ ರಕ್ತವನ್ನೂ ಅದೇ ವಾರ ಪರೀಕ್ಷೆಗೆ ಕಳಿಸಿ, ಮಗುವಿಗೆ ವರ್ಷ ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ರೋಗವಿದೆ ಎಂದೇ ಹಿಡಿದು ಮಗುವಿಗೆ ಎರಡು ತಿಂಗಳು ತುಂಬುವಷ್ಟರಲ್ಲಿ ಪೆನಿಸಿಲಿನ್ ಶುರುಮಾಡಿಸಿ, ಲಸಿಕೆ ಒಂದನ್ನೂ ತಪ್ಪಿಸಬೇಡಿ.